ಎನ್‌ಕೋಡ್ ಅಂದರೆ ಗುಟ್ಟು ಮಾಡುವುದಲ್ಲ

ಪ್ರಶ್ನೆ: ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಪತ್ರಿಕೆಯಿಂದ ಹಿಡಿದು ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವನ್ನೂ ‘ನುಡಿ’ ತಂತ್ರಾಂಶದಲ್ಲೇ ಟೈಪ್ ಮಾಡಿ ರೂಢಿ. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿಯ 240 ಪುಟದ ಪ್ರಬಂಧ ಅಪ್‌ಲೋಡ್ ಮಾಡಿದರೆ ‘ಯೂನಿಕೋಡ್‌ನಲ್ಲಿ ಎನ್‌ಕೋಡ್ ಮಾಡಿ ಕಳಿಸಿ’ ಎಂದು ವಾಪಸ್ ಬಂತು. ನಿಘಂಟು ತೆಗೆದರೆ ‘ಗೂಢಲಿಪಿಗೆ ಪರಿವರ್ತಿಸು’ ಎಂದಿದೆ. ನಾಲ್ಕು ಜನ ಓದಲಿ ಎಂದು ಬರೆದದ್ದನ್ನು ಗೂಢ ಯಾಕೆ ಮಾಡಬೇಕು? ಗೆಳೆಯರೊಬ್ಬರು ‘ಫಾಂಟನ್ನು ತುಂಗಾಕ್ಕೆ ಬದಲಿಸು, ಅದೇ ಯೂನಿಕೋಡ್’ ಅಂದರು. ಬದಲಿಸಿದೆ, ಪುಟವೆಲ್ಲ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡಿನ ಚಿಹ್ನೆ! ಮಗಳ ಪಿಯುಸಿ ಜೀವಶಾಸ್ತ್ರದಲ್ಲಿ ನೋಡಿದರೆ ಜೀನ್ ಪ್ರೋಟೀನನ್ನು ಎನ್‌ಕೋಡ್ ಮಾಡುತ್ತದಂತೆ. ಅಂಗಡಿಗೆ ಕ್ಯೂಆರ್ ಅಂಟಿಸಲು ಬಂದ ಹುಡುಗ ‘ಎಲ್ಲಾ ಎನ್‌ಕೋಡ್ ಆಗಿದೆ ಸಾರ್, ಯಾರೂ ಏನೂ ಮಾಡೋಕಾಗಲ್ಲ’ ಅಂದ. ಈ ಪದಕ್ಕೆ ನಿಜವಾಗಿ ಎಷ್ಟು ಅರ್ಥ? ನನ್ನ ಫೈಲಿಗೆ ಏನು ಮಾಡಲಿ?

ಉತ್ತರ: ಗಡುವು ಹತ್ತಿರ ಇರಬಹುದು, ಹಾಗಾಗಿ ಫೈಲಿನ ಮಾತು ಮೊದಲು. ಮೂಲ ಫೈಲನ್ನು ಮುಟ್ಟಬೇಡಿ. ಫಾಂಟ್ ಬದಲಿಸಿ ಸೇವ್ ಮಾಡಿಬಿಟ್ಟಿದ್ದರೆ ಹಳೆಯ ಪ್ರತಿ ಪೆನ್‌ಡ್ರೈವ್‌ನಲ್ಲೋ ಮೇಲ್‌ನಲ್ಲೋ ಇದೆಯಾ ಹುಡುಕಿ ಎತ್ತಿಡಿ. ಮುಂದಿನದನ್ನು ಕೊನೆಯಲ್ಲಿ ಹೇಳುತ್ತೇನೆ. ಪದದ ಗಂಟು ಬಿಚ್ಚದೆ ಫೈಲಿನ ಗಂಟು ಬಿಚ್ಚುವುದಿಲ್ಲ.

ನಿಮ್ಮ ನಿಘಂಟು ಸುಳ್ಳು ಹೇಳಿಲ್ಲ, ಹಳೆಯ ಸುದ್ದಿ ಹೇಳಿದೆ. ಇಂಗ್ಲಿಷಿನಲ್ಲಿ ಮೊದಲು ಹುಟ್ಟಿದ್ದು ಡಿಕೋಡ್, 19ನೇ ಶತಮಾನದ ಕೊನೆಗೆ. ಎನ್‌ಕೋಡ್ ಬಂದದ್ದು ಆಮೇಲೆ, ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಬಿಚ್ಚುವ ಮಾತು ಮೊದಲು, ಕಟ್ಟುವ ಮಾತು ನಂತರ. ಆಗ ಕೋಡ್ ಎಂದರೆ ತಂತಿ ಸಂದೇಶ, ಸೈನ್ಯ, ರಾಯಭಾರಿಗಳ ಪತ್ರ. ಗುಟ್ಟಿನ ವಾಸನೆ ಪದಕ್ಕೆ ಅಂಟಿದ್ದು ಅಲ್ಲಿ. ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳು ಆ ವಾಸನೆಯನ್ನೇ ಹಿಡಿದುಕೊಂಡವು. ಆಮೇಲೆ ಪದ ಕಂಪ್ಯೂಟರಿಗೆ, ಜೀವಶಾಸ್ತ್ರಕ್ಕೆ, ಮನಶ್ಶಾಸ್ತ್ರಕ್ಕೆ ಹೋಯಿತು. ಗುಟ್ಟನ್ನು ಹಿಂದೆಯೇ ಬಿಟ್ಟು ಹೋಯಿತು.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಅನುವಾದಕ್ಕೆ ಇಳಿದ ಹೊಸದರಲ್ಲಿ ಒಂದು ಆರೋಗ್ಯ ಕೈಪಿಡಿಯಲ್ಲಿ ‘ಈ ಜೀನ್ ಇನ್ಸುಲಿನ್ನನ್ನು ಗೂಢಲಿಪಿಯಲ್ಲಿ ಬರೆಯುತ್ತದೆ’ ಎಂದು ಬರೆದೆ. ಅಚ್ಚಾಯಿತು, ಹಂಚಿಕೆಯೂ ಆಯಿತು. ಚಿತ್ರದುರ್ಗದ ಹಿರಿಯ ವೈದ್ಯರೊಬ್ಬರು ಓದಿ, ‘ಯಾರಿಗೆ ಗೊತ್ತಾಗಬಾರದು ಅಂತ ಬರೆಯುತ್ತದಪ್ಪಾ?’ ಎಂದು ಕೇಳಿದರು. ಉತ್ತರ ಇರಲಿಲ್ಲ. ಅವತ್ತಿನಿಂದ ಈ ಪದ ಕಂಡಲ್ಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬಿಚ್ಚಲು ಬೇಕಾದ ಪಟ್ಟಿ ಎಲ್ಲರಿಗೂ ಸಿಗುತ್ತದೋ, ಇಲ್ಲಾ ಕೀಲಿ ಒಬ್ಬಿಬ್ಬರ ಕೈಲಿದೆಯೋ? ಪಟ್ಟಿ ಎಲ್ಲರಿಗೂ ಸಿಗುವಂಥದ್ದಾದರೆ ಅದು ಎನ್‌ಕೋಡ್. ಕೀಲಿ ಇದ್ದವರಿಗಷ್ಟೇ ತೆರೆಯುವಂಥದ್ದಾದರೆ ಎನ್‌ಕ್ರಿಪ್ಟ್, ಗೂಢಲಿಪಿ ಎಂಬ ಮಾತು ನಿಜವಾಗಿ ಸಲ್ಲುವುದು ಅದಕ್ಕೆ.

ತಂತಿ ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಶುಭಾಶಯದ ಟೆಲಿಗ್ರಾಂ ಕಳಿಸುವಾಗ ಪೂರ್ತಿ ವಾಕ್ಯ ಬರೆಯಬೇಕಾಗಿರಲಿಲ್ಲ, ಕಚೇರಿಯಲ್ಲಿ ತೂಗುಹಾಕಿದ ಪಟ್ಟಿಯಿಂದ ಒಂದು ನಂಬರ್ ಬರೆದರೆ ಸಾಕಿತ್ತು. ತಂತಿಯಲ್ಲಿ ನಂಬರ್ ಹೋಗುತ್ತಿತ್ತು, ಆ ಕಡೆಯ ಗುಮಾಸ್ತ ಅದೇ ಪಟ್ಟಿ ನೋಡಿ ‘ದಾಂಪತ್ಯ ಸುಖಮಯವಾಗಿರಲಿ’ ಎಂಬಂಥ ವಾಕ್ಯ ಬರೆದು ಕೊಡುತ್ತಿದ್ದ. ನಂಬರ್ ಯಾವ ಗುಟ್ಟನ್ನೂ ಕಾಯುತ್ತಿರಲಿಲ್ಲ, ಕಾಸು ಉಳಿಸುತ್ತಿತ್ತು. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು, ಆ ಪಟ್ಟಿಯೂ ಹೋಯಿತು.

ಅದಕ್ಕೂ ಹಳೆಯದು ಬೇಕೆಂದರೆ ಸಂಗೀತದ ಮೇಷ್ಟರನ್ನು ಕೇಳಿ. 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರದಲ್ಲೇ ಅದರ ಕ್ರಮಸಂಖ್ಯೆ ಇದೆ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಕ, ಟ, ಪ, ಯ ನಾಲ್ಕೂ 1, ಅಲ್ಲಿಂದ ಮುಂದಕ್ಕೆ ಎಣಿಸಬೇಕು. ಮಾಯಾಮಾಳವಗೌಳ ತೆಗೆದುಕೊಳ್ಳಿ. ‘ಮ’ ಪ-ವರ್ಗದ ಐದನೆಯದು, ಅಂದರೆ 5. ‘ಯ’ ಎಂದರೆ 1. 51 ಬಂತು, ತಿರುಗಿಸಿ ಓದಿದರೆ 15. ಅದು 15ನೇ ಮೇಳ. ಮೇಚಕಲ್ಯಾಣಿಯಲ್ಲಿ 5 ಮತ್ತು 6, ತಿರುಗಿಸಿದರೆ 65. ರಾಗದ ಹೆಸರಿನಲ್ಲಿ ಸಂಖ್ಯೆಯನ್ನು ಎನ್‌ಕೋಡ್ ಮಾಡಲಾಗಿದೆ ಎಂದರೆ ಅದು ಆ ಪದದ ಅಚ್ಚುಕಟ್ಟಾದ ಬಳಕೆ. ಇದನ್ನು ಗೂಢಲಿಪಿ ಎಂದರೆ ಮೇಷ್ಟರು ನಗುತ್ತಾರೆ, ಅದು ಮಕ್ಕಳಿಗೆ ನೆನಪಿರಲಿ ಎಂದು ಮಾಡಿದ್ದು.

ಇನ್ನೊಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ. ಹೆಸರಿನ ಜೊತೆಗೆ ‘ಲಿಪಿಕಾರನಿಂದ’ ಎಂಬರ್ಥದ ಒಂದೇ ಒಂದು ಪದವನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓಡುವಂಥದ್ದು. ಭಾಷೆ ಬದಲಾಗಲಿಲ್ಲ, ಅರ್ಥ ಬದಲಾಗಲಿಲ್ಲ, ಎನ್‌ಕೋಡಿಂಗ್ ಮಾತ್ರ ಬದಲಾಯಿತು. ನನಗೇನೋ ಅದು ‘ಎರಡು ಲಿಪಿ ಬಲ್ಲವನು ನಾನು’ ಎಂಬ ಠೀವಿಯ ಸಹಿಯಂತೆ ಕಾಣುತ್ತದೆ. ನಿಮ್ಮ ಫೈಲಿನ ಕಥೆಯೂ ಅದೇ: ಕನ್ನಡ ಕನ್ನಡವೇ, ಕೆತ್ತಿದ ಬಗೆ ಬೇರೆ.

ಇಲ್ಲೇ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ, ಪತ್ರಿಕೆಗಳೂ ಇದರಲ್ಲಿ ಎಡವುತ್ತವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ್ದು ಡಿಕೋಡ್ ಅಲ್ಲ, ಡಿಸೈಫರ್. ಅವನ ಕೈಯಲ್ಲಿ ಪಟ್ಟಿ ಇರಲಿಲ್ಲ, ಪಟ್ಟಿಯನ್ನೇ ಕಂಡುಹಿಡಿಯಬೇಕಿತ್ತು. ಪಟ್ಟಿ ಕೈಯಲ್ಲಿಟ್ಟುಕೊಂಡು ಬಿಡಿಸುವುದು ಡಿಕೋಡ್.

ಮಗಳ ಪುಸ್ತಕಕ್ಕೆ ಬರೋಣ. ಡಿಎನ್‌ಎಯಲ್ಲಿ ನಾಲ್ಕೇ ಅಕ್ಷರ. ಮೂರು ಮೂರು ಜೋಡಿಸಿದರೆ 64 ಗುಂಪು. 61 ಗುಂಪುಗಳು ಒಂದೊಂದು ಅಮೈನೋ ಆಮ್ಲಕ್ಕೆ ಹೊಂದುತ್ತವೆ, ಉಳಿದ ಮೂರು ‘ಇಲ್ಲಿಗೆ ಮುಗಿಯಿತು’ ಎನ್ನುವ ಪೂರ್ಣವಿರಾಮ. ಅಮೈನೋ ಆಮ್ಲ ಇಪ್ಪತ್ತೇ ಆದ್ದರಿಂದ ಒಂದಕ್ಕೆ ಹಲವು ಗುಂಪು. ಈ ಪಟ್ಟಿ ಬ್ಯಾಕ್ಟೀರಿಯಾಕ್ಕೂ ನಮಗೂ ಬಹುಪಾಲು ಒಂದೇ. ಹಾಗಾಗಿ ‘ಈ ಜೀನ್ ಇನ್ಸುಲಿನ್ನನ್ನು ಎನ್‌ಕೋಡ್ ಮಾಡುತ್ತದೆ’ ಎಂದರೆ ಇನ್ಸುಲಿನ್ ಕಟ್ಟುವ ಕ್ರಮ ಈ ಜೀನಿನಲ್ಲಿ ಬರೆದಿದೆ ಎಂದರ್ಥ. ಜೀನ್ ತಾನೇ ಕೂತು ಏನೂ ಮಾಡುವುದಿಲ್ಲ, ಇಂಗ್ಲಿಷಿನ ಕರ್ತೃಪದ ನೋಡಿ ಮೋಸ ಹೋಗಬಾರದು. ನಾನೀಗ ಬರೆಯುವುದು ಹೀಗೆ: ‘ಇನ್ಸುಲಿನ್‌ನ ಸೂತ್ರ ಈ ಜೀನಿನಲ್ಲಿದೆ.’ ಮಗಳು ಇಂಗ್ಲಿಷ್ ಮಾಧ್ಯಮದವಳಾದರೆ ಒಂದು ಎಚ್ಚರ ಹೇಳಿ. ‘ಜೀನ್ ಎನ್‌ಕೋಡ್ಸ್ ಎ ಪ್ರೋಟೀನ್’ ಸರಿ, ‘ಜೀನ್ ಕೋಡ್ಸ್ ಫಾರ್ ಎ ಪ್ರೋಟೀನ್’ ಕೂಡ ಸರಿ. ಎರಡನ್ನೂ ಕಲಸಿ ‘ಎನ್‌ಕೋಡ್ಸ್ ಫಾರ್’ ಎಂದು ಬರೆಯುವುದು ಬಹಳ ಕಡೆ ಕಾಣುತ್ತದೆ, ಒಳ್ಳೆಯ ಸಂಪಾದಕರು ಆ ‘ಫಾರ್’ ಮೇಲೆ ಗೀಟು ಎಳೆಯುತ್ತಾರೆ. ಉಳಿದಂತೆ ಎನ್‌ಕೋಡ್ ಜೊತೆ ಬರುವುದು ‘ಇನ್’, ‘ಇಂಟು’ ಅಥವಾ ‘ಆ್ಯಸ್’: ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರ ಬರೆದಿಡುವ ಒಂದು ಬಗೆ) ಪಠ್ಯ, ಸಂಖ್ಯೆಯಾಗಿ ತಾರೀಖು, ಹೀಗೆ.

ಬಿಎಡ್ ಪುಸ್ತಕದಲ್ಲೂ ಈ ಪದ ಸಿಗುತ್ತದೆ, ನೆನಪಿನ ಪಾಠದಲ್ಲಿ. ಕಂಡದ್ದು ಕೇಳಿದ್ದು ನೆನಪಾಗಿ ಕೂರುವ ಮೊದಲ ಹಂತಕ್ಕೆ ಎನ್‌ಕೋಡ್ ಎನ್ನುತ್ತಾರೆ, ಆಮೇಲೆ ಸಂಗ್ರಹ, ಆಮೇಲೆ ಹೊರತೆಗೆಯುವುದು. ‘ಮನಸ್ಸಿಗೆ ಇಳಿಸಿಕೊಳ್ಳುವುದು’ ಎಂದರೆ ಸಾಕು. ಇನ್ನು ಪ್ರಬಂಧಗಳಲ್ಲಿ ‘ಗಾದೆಗಳು ರೈತರ ಜ್ಞಾನವನ್ನು ಎನ್‌ಕೋಡ್ ಮಾಡಿವೆ’ ಎಂಬ ಧಾಟಿ ಬಂದರೆ ‘ಹುದುಗಿದೆ’ ಎಂದು ಬರೆಯಿರಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂಬ ಐದೇ ಪದದಲ್ಲಿ ಮುಂಗಾರಿಗೆ ಮುಂಚಿನ ಮಳೆಯ ಬೆಲೆ ಹುದುಗಿದೆ. ಸಂಕೇತೀಕರಣ ಎಂಬ ಕಲ್ಲನ್ನು ಅಲ್ಲಿ ಎತ್ತಿಹಾಕಬೇಡಿ. ಆ ಪದ ತಾಂತ್ರಿಕ ಬರಹಕ್ಕೆ ಇರಲಿ, ಅಲ್ಲಿ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ.

ಕ್ಯೂಆರ್ ಹುಡುಗ ಹೇಳಿದ್ದು ಅರ್ಧ ನಿಜ, ಅರ್ಧ ಅಪಾಯ. ಎನ್‌ಕೋಡ್ ಆಗಿರುವುದು ನಿಜ. ಆ ಕಪ್ಪು ಬಿಳಿ ಚೌಕದೊಳಗೆ ನಿಮ್ಮ ಯುಪಿಐ ವಿಳಾಸವಿದೆ, ಸಾಮಾನ್ಯವಾಗಿ ಹೆಸರೂ ಇರುತ್ತದೆ. ಯಾವ ಮೊಬೈಲ್ ಬೇಕಾದರೂ ಓದುವಂತೆ ಬರೆದದ್ದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು, ಬೇಗ ಓದಲಿ ಎಂದು. ಹಾಳಾದರೂ ಓದಿಸಿಕೊಳ್ಳುವ ಗುಣ ಅದಕ್ಕಿದೆ, ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು 30 ಪ್ರತಿಶತ ಅಳಿಸಿದರೂ ತಿದ್ದಿಕೊಳ್ಳುತ್ತದೆ. ನಿಮ್ಮೂರಿನ ಬೆಣ್ಣೆದೋಸೆ ಹೋಟೆಲಿನ ಗಲ್ಲಾದ ಮೇಲೆ ಬೆಣ್ಣೆ ಮೆತ್ತಿ ಅಲ್ಲಲ್ಲಿ ಕಿತ್ತ ಕ್ಯೂಆರ್ ಕೂಡ ಸ್ಕ್ಯಾನ್ ಆಗುವುದು ಈ ಕಾರಣಕ್ಕೆ. ಆದರೆ ರಾತ್ರಿ ಯಾರೋ ಬಂದು ಅದರ ಮೇಲೆ ತಮ್ಮ ಕ್ಯೂಆರ್ ಅಂಟಿಸಿ ಹೋದರೆ ಎನ್‌ಕೋಡಿಂಗ್ ತಡೆಯುವುದಿಲ್ಲ, ಅದನ್ನೂ ಅಷ್ಟೇ ಚೆನ್ನಾಗಿ ಓದಿಸುತ್ತದೆ. ಬೆಳಿಗ್ಗೆ ಶಟರ್ ಎತ್ತಿದಾಗ ಒಮ್ಮೆ ನೀವೇ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳಿ. ಹಣ ಬರಲು ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಪಿನ್ ಬೇಕಾಗುವುದು ಹಣ ಹೋಗಲಿಕ್ಕೆ.

‘ಎನ್‌ಕೋಡ್ ಆಗಿದೆ, ಭದ್ರ’ ಎಂಬ ಭ್ರಮೆ ಓದಿದವರಲ್ಲೂ ಇದೆ. ಒಂದು ಸಂಸ್ಥೆ ತನ್ನ ಅರ್ಜಿದಾರರ ಪಾಸ್‌ವರ್ಡುಗಳನ್ನು ಬೇಸ್-64 ಎಂಬ ರೂಪದಲ್ಲಿ ಇಟ್ಟು, ಗುಟ್ಟಾಗಿದೆ ಎಂದು ನೆಮ್ಮದಿಯಾಗಿತ್ತು. ಬೇಸ್-64 ಎಂದರೆ ಯಾವುದೇ ಮಾಹಿತಿಯನ್ನು 64 ಸಾದಾ ಅಕ್ಷರಗಳಲ್ಲಿ ಬರೆಯುವ ಬಗೆ, ಅಷ್ಟೇ; ಗಾತ್ರ ಮೂರನೇ ಒಂದರಷ್ಟು ಹೆಚ್ಚುತ್ತದೆ, ಭದ್ರತೆ ಸೊನ್ನೆ. ನನ್ನ ಬಳಿ ಕನ್ನಡೀಕರಣಕ್ಕೆ ಬಂದ ಅವರ ಕಡತದಲ್ಲೇ ಅದು ಕಂಡಿತು. ಎರಡು ಸೆಕೆಂಡಿನಲ್ಲಿ ಬಿಚ್ಚಿ ತೋರಿಸಿದಾಗ ಅವರ ಮುಖ ಬಿಳುಚಿಕೊಂಡಿತು.

ಈಗ ನಿಮ್ಮ 240 ಪುಟ.

ಗೆಳೆಯರು ಹೇಳಿದ ‘ತುಂಗಾ ಎಂದರೆ ಯೂನಿಕೋಡ್’ ತಪ್ಪು. ಯೂನಿಕೋಡ್ ಫಾಂಟ್ ಅಲ್ಲ, ನಂಬರುಗಳ ಪಟ್ಟಿ. ಅದರಲ್ಲಿ ‘ಕ’ ಎಂದರೆ 3221. ‘ಕನ್ನಡ’ ಎಂದರೆ 3221, 3240, 3277, 3240, 3233. ನಡುವಿನ 3277 ವಿರಾಮ, ಅಂದರೆ ನ್ ಮಾಡುವ ಗುರುತು. ಫಾಂಟ್ ಎಂದರೆ ಆ ನಂಬರಿಗೆ ತೊಡಿಸಿದ ಅಂಗಿ. ನಿಮ್ಮ ಹಳೆಯ ನುಡಿ ಫೈಲಿನಲ್ಲಿ ಈ ನಂಬರುಗಳೇ ಇಲ್ಲ. ಅಲ್ಲಿ ‘ಕ’ ಎಂದರೆ ಎರಡು ತುಂಡು: ತಲೆಕಟ್ಟಿಲ್ಲದ ಕ ಮತ್ತು ತಲೆಕಟ್ಟು. ಮೊದಲನೆಯದನ್ನು ಇಂಗ್ಲಿಷಿನ ‘ಪಿ’ ಇರುವ ಜಾಗದಲ್ಲಿ, ಎರಡನೆಯದನ್ನು ನೆತ್ತಿಯ ಮೇಲೆ ಓರೆಗೀಟಿರುವ ‘ಎ’ ಜಾಗದಲ್ಲಿ ಕೂರಿಸಿದ್ದಾರೆ. ‘ನ’ದ ಒಡಲು ಪೌಂಡ್ ಚಿಹ್ನೆಯ ಜಾಗದಲ್ಲಿದೆ. ನುಡಿಯ ಅಂಗಿ ಬಿಚ್ಚಿದಾಗ ನಿಮಗೆ ಪೌಂಡ್ ಕಂಡದ್ದು ಅದಕ್ಕೆ. ಫೈಲ್ ಕೆಡಲಿಲ್ಲ, ಒಳಗೆ ಮೊದಲಿನಿಂದ ಇದ್ದದ್ದು ಈಗ ಕಂಡಿತು.

ಇದನ್ನು ಹೀಗೆ ಮಾಡಿದವರನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಲ್ಲೇ ಇತ್ತು, ಆದರೆ ವಿಂಡೋಸಿನಲ್ಲಿ ಕನ್ನಡ ಕಂಡದ್ದು 2001ರ ಎಕ್ಸ್‌ಪಿಯಿಂದ. ಡಿಟಿಪಿ ಅಂಗಡಿಗಳ ಅನ್ನ ಇದ್ದದ್ದು ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಕೊನೆವರೆಗೂ ದಕ್ಕಲಿಲ್ಲ. ಆ ಹೊತ್ತಿಗೆ ಅಚ್ಚು ಹೊರಬೀಳಲು ಬೇರೆ ದಾರಿ ಇರಲಿಲ್ಲ. ಈಗ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆ ಬದಲಾಗುವುದಿಲ್ಲ, ಬೆರಳಿಗೆ ಹೊಸದು ಕಲಿಸಬೇಕಿಲ್ಲ. ನಾಳೆಯಿಂದಲೇ ಹೊಸ ಕೆಲಸವನ್ನು ಅದರಲ್ಲಿ ಶುರು ಮಾಡಿ.

ಹಳೆಯ ಪ್ರಬಂಧಕ್ಕೆ ಮೂರು ದಾರಿ. ನುಡಿಯಲ್ಲೇ ಇಟ್ಟು ಪಿಡಿಎಫ್ ಮಾಡಿ ಕಳಿಸಬಹುದು, ನೋಡಲು ಸುಂದರ. ಆದರೆ ಒಳಗೆ ಹುಡುಕಿದರೆ ಒಂದು ಕನ್ನಡ ಪದವೂ ಸಿಗದು, ನಕಲು ಮಾಡಿದರೆ ಮತ್ತೆ ಪೌಂಡ್. ಅವರು ವಾಪಸ್ ಕಳಿಸಿದ್ದು ಬಹುಶಃ ಇದಕ್ಕೇ, ಮತ್ತೂ ಕಳಿಸುತ್ತಾರೆ. ಪೂರ್ತಿ ಹೊಸದಾಗಿ ಟೈಪ್ ಮಾಡುವುದು ಹತ್ತು ಪುಟಕ್ಕೆ ಸರಿ, 240ಕ್ಕೆ ಹಣವೂ ಹೋಗುತ್ತದೆ, ಹೊಸ ತಪ್ಪುಗಳೂ ಬರುತ್ತವೆ. ಉಳಿದದ್ದು ಕನ್ವರ್ಟರ್, ಅಂದರೆ ನುಡಿಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶ. ನಾನಾದರೆ ಅದನ್ನೇ ಹಿಡಿಯುತ್ತೇನೆ, ಆದರೆ ಅದು ಎಲ್ಲಿ ಕೈಕೊಡುತ್ತದೆ ಎಂದು ತಿಳಿದುಕೊಂಡು.

‘ದುರ್ಗ’ ಪದವನ್ನೇ ನೋಡಿ. ನುಡಿಯಲ್ಲಿ ಕಣ್ಣಿಗೆ ಕಂಡ ಕ್ರಮ: ದು, ಗ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಉಚ್ಚರಿಸುವ ಕ್ರಮ: ದು, ರ್, ಗ. ಅಂದರೆ ಕನ್ವರ್ಟರ್ ಅರ್ಕಾವತ್ತನ್ನು ಹಿಡಿದು ಗಕಾರಕ್ಕಿಂತ ಮೊದಲಿಗೆ ತರಬೇಕು. ಒಳ್ಳೆಯವು ತರುತ್ತವೆ. ಒತ್ತಕ್ಷರವೂ ಅರ್ಕಾವತ್ತೂ ಒಟ್ಟಿಗೆ ಬಂದಲ್ಲಿ ಕೆಲವು ತಡವರಿಸುತ್ತವೆ. ಜೊತೆಗೆ ಕನ್ನಡದ ಒಂಬತ್ತನ್ನೇ ಅರ್ಕಾವತ್ತೆಂದು ಹಾಕಿ ‘ದುಗ೯’ ಎಂದು ಬರೆಯುವ ಹಳೆಯ ಚಾಳಿ ನಮ್ಮ ಅಂಗಡಿಗಳಲ್ಲಿ ಇದೆ. ಕಣ್ಣಿಗೆ ದುರ್ಗ, ಯಂತ್ರಕ್ಕೆ ‘ದುಗ’ ಮತ್ತು ಒಂಬತ್ತು. ಪರಿವರ್ತನೆಯಾದ ಮೇಲೆ ‘೯’ ಎಂದು ಕೊಟ್ಟು ಹುಡುಕಿ, ಅಕ್ಷರದ ಬೆನ್ನಿಗೆ ಅಂಟಿಕೊಂಡದ್ದೆಲ್ಲ ತಪ್ಪು.

ಅದಕ್ಕಿಂತ ದೊಡ್ಡ ಅಪಾಯ ಗ್ರಂಥಋಣದ ಪುಟಗಳಲ್ಲಿದೆ. ಅಲ್ಲಿ ಇಂಗ್ಲಿಷ್ ಪುಸ್ತಕಗಳ ಹೆಸರಿರುತ್ತವೆ. ಇಂಗ್ಲಿಷಿನ ‘ಪಿ’ಗೂ ನುಡಿಯ ತಲೆಕಟ್ಟಿಲ್ಲದ ‘ಕ’ಗೂ ಒಳಗೆ ಒಂದೇ ನಂಬರ್, ಗುರುತು ಹಿಡಿಯಲು ಇರುವುದು ಫಾಂಟಿನ ಹೆಸರೊಂದೇ. ಎಲ್ಲವನ್ನೂ ನಕಲು ಮಾಡಿ ಕನ್ವರ್ಟರಿನ ಪೆಟ್ಟಿಗೆಗೆ ಸುರಿದರೆ ಫಾಂಟಿನ ಹೆಸರು ಉದುರಿಹೋಗುತ್ತದೆ, ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡದ ಕಲಸುಮೇಲೋಗರವಾಗಿ ಹೊರಬರುತ್ತವೆ. ದಪ್ಪಕ್ಷರ, ಅಡಿಟಿಪ್ಪಣಿ, ಕೋಷ್ಟಕಗಳೂ ಹೋಗುತ್ತವೆ. ವರ್ಡ್ ಫೈಲನ್ನೇ ತೆಗೆದುಕೊಂಡು ಫಾಂಟ್ ನೋಡಿ ಬದಲಿಸುವ ಕನ್ವರ್ಟರ್ ಬಳಸಿ. ಅದು ಸಿಗದಿದ್ದರೆ ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಫೈಲಿಗೆ ಎತ್ತಿಟ್ಟು ಆಮೇಲೆ ಸೇರಿಸಿ. ಪ್ರಬಂಧವನ್ನು ಆನ್‌ಲೈನ್ ಪೆಟ್ಟಿಗೆಗೆ ಹಾಕುವ ಮುನ್ನ ವಿದ್ಯಾರ್ಥಿನಿಯ ಒಪ್ಪಿಗೆಯೂ ಇರಲಿ, ಅದು ಇನ್ನೂ ಸಲ್ಲಿಕೆಯಾಗದ ಸಂಶೋಧನೆ.

ಕಣ್ಣಿಗೆ ಕಾಣದ ಅಕ್ಷರವೂ ಒಂದಿದೆ. ‘ಎನ್‌ಕೋಡ್’ ಎಂದು ನ್ ಮತ್ತು ಕೋ ಬಿಡಿಯಾಗಿ ಬರಬೇಕಾದರೆ ಅವೆರಡರ ನಡುವೆ ಜೋಡಣೆ ತಡೆಯುವ ಒಂದು ಅದೃಶ್ಯ ಗುರುತು ಕೂತಿರುತ್ತದೆ. ಅದು ಬಿದ್ದುಹೋದರೆ ‘ಎನ್ಕೋಡ್’ ಆಗುತ್ತದೆ. ರ‍್ಯಾಂಕ್, ರ‍್ಯಾಲಿ ಕೂಡ ಇಂಥದ್ದೇ ಇನ್ನೊಂದು ಗುರುತಿನ ಮೇಲೆ ನಿಂತಿವೆ. ಅದಿಲ್ಲದಿದ್ದರೆ ರ-ಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಓಡುತ್ತದೆ. ಈ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಬೇಕು, ಬೇರೆ ಉಪಾಯ ನನಗೆ ಗೊತ್ತಿಲ್ಲ.

ಕೊನೆಗೆ ಸೇವ್ ಮಾಡುವಾಗ. ಯೂನಿಕೋಡಿನ ನಂಬರುಗಳನ್ನು ಡಿಸ್ಕಿನ ಮೇಲೆ ಬರೆಯುವ ಬಗೆಗಳಲ್ಲಿ ಹೆಚ್ಚು ಬಳಕೆಯದು ಯುಟಿಎಫ್-8. ಅದರಲ್ಲಿ ಒಂದೊಂದು ಕನ್ನಡ ಗುರುತಿಗೆ ಮೂರು ಬೈಟ್. ‘ದಾವಣಗೆರೆ’ ಕಣ್ಣಿಗೆ ಐದು ಅಕ್ಷರ, ಪಟ್ಟಿಯ ಲೆಕ್ಕದಲ್ಲಿ ಎಂಟು ಗುರುತು, ಡಿಸ್ಕಿನಲ್ಲಿ 24 ಬೈಟ್. (ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70 ಮಾತ್ರ ಎನ್ನುವುದೂ ಇಂಥದ್ದೇ ಲೆಕ್ಕ, ಅಲ್ಲಿ ಬಳಸುವ ಎನ್‌ಕೋಡಿಂಗ್ ಬೇರೆ.) ವರ್ಡ್ ಫೈಲಾದರೆ ಇದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ನೋಟ್‌ಪ್ಯಾಡ್ ಅಥವಾ ಸಿಎಸ್‌ವಿ ಆದರೆ ಎನ್‌ಕೋಡಿಂಗ್ ಎಂಬ ಕಡೆ ಯುಟಿಎಫ್-8 ಆರಿಸಿ. ಅಲ್ಲಿ ‘ಆನ್ಸಿ’ ಎಂಬ ಹಳೆಯ ಬಗೆ ಇರುವಾಗ ಸೇವ್ ಒತ್ತಿದರೆ ಕನ್ನಡವೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ನಿಮಗೆ ಮೊದಲು ಕಂಡ ಪೌಂಡಿನ ಗೋಜಲಿಗೆ ಹೆದರಬೇಕಿಲ್ಲ, ಸರಿಯಾದ ಪಟ್ಟಿ ಹಿಡಿದರೆ ಅದು ಪೂರ್ತಿ ಹಿಂದಕ್ಕೆ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಹಾಗಲ್ಲ, ಎಲ್ಲ ಅಕ್ಷರಕ್ಕೂ ಒಂದೇ ನಂಬರ್ ಬಿದ್ದಿರುತ್ತದೆ, ಯಾವುದು ಕ ಯಾವುದು ಗ ಎಂದು ದೇವರಿಗೂ ತಿಳಿಯದು. ಮೂಲ ಪ್ರತಿ ಎತ್ತಿಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ದರ ಹೇಳುವಾಗ ಕನ್ವರ್ಟ್ ಮಾಡುವ ಹೊತ್ತನ್ನು ಲೆಕ್ಕ ಹಾಕಬೇಡಿ, ಅದು ಹತ್ತು ನಿಮಿಷ. ಕರಡು ತಿದ್ದುವುದು ನಾಲ್ಕೈದು ದಿನದ ಕೆಲಸ. ಮೊದಲು ಒಂದು ಅಧ್ಯಾಯ ಮತ್ತು ಗ್ರಂಥಋಣದ ಎರಡು ಪುಟ ಮಾಡಿ ವಿದ್ಯಾರ್ಥಿನಿಗೆ ಕೊಡಿ. ತನ್ನ ವಿಷಯದ ಪದಗಳನ್ನು ಅವರು ನಿಮಗಿಂತ ಬೇಗ ಹಿಡಿಯುತ್ತಾರೆ. ಅಷ್ಟು ಸರಿಬಂದರೆ ಉಳಿದದ್ದಕ್ಕೆ ಕೈಹಾಕಿ.